ಒಂದೇ ವೈರಸ್, ಹಲವು ಗತಿ

2014ರ ಅಕ್ಟೋಬರ್ ಕೊನೆ. ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳಲ್ಲಿ ಎಬೋಲಾ ಮನೆಮನೆಯನ್ನೂ ಬರಿದು ಮಾಡುತ್ತಿದ್ದ ದಿನಗಳು. ಆಗಲೇ ‘ಸೈನ್ಸ್’ ಪತ್ರಿಕೆಯಲ್ಲಿ ಇಲಿಗಳ ಕುರಿತ ಒಂದು ಸಂಶೋಧನಾ ಪ್ರಬಂಧ ಪ್ರಕಟವಾಯಿತು. ಅಮೆರಿಕದ ಮೊಂಟಾನಾ ರಾಜ್ಯದ ಹ್ಯಾಮಿಲ್ಟನ್ ಎಂಬ ಪುಟ್ಟ ಊರಲ್ಲಿರುವ ರಾಕಿ ಮೌಂಟನ್ ಪ್ರಯೋಗಾಲಯದಲ್ಲಿ ಆ ಇಲಿಗಳಿಗೆ ಎಬೋಲಾ ವೈರಸ್ ಚುಚ್ಚಲಾಗಿತ್ತು. ಎಲ್ಲಕ್ಕೂ ಒಂದೇ ವೈರಸ್, ಒಂದೇ ಪ್ರಮಾಣ, ಒಂದೇ ಆಹಾರ, ಒಂದೇ ಬಗೆಯ ಪಂಜರ. ಮೊದಲ ಕೆಲವು ದಿನ ಎಲ್ಲ ಇಲಿಗಳೂ ತೂಕ ಕಳೆದುಕೊಂಡವು. ಅಲ್ಲಿಂದ ಮುಂದೆ ದಾರಿ ಕವಲೊಡೆಯಿತು. ಸುಮಾರು ಐದರಲ್ಲೊಂದು ಪಾಲು ಎರಡು ವಾರದೊಳಗೆ ಕಳೆದುಕೊಂಡ ತೂಕವನ್ನೆಲ್ಲ ಮರಳಿ ಪಡೆದು ಓಡಾಡತೊಡಗಿದವು. ಕೊಯ್ದು ನೋಡಿದರೆ ಯಕೃತ್ತಿನಲ್ಲಿ ಕಾಯಿಲೆಯ ಗುರುತೇ ಇಲ್ಲ. ಇನ್ನು ಕೆಲವು ತಳಿಗಳಲ್ಲಿ ಅರ್ಧಕ್ಕಿಂತ ಕಡಿಮೆ ಸತ್ತವು. ಹೆಚ್ಚಿನ ತಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು. ಸತ್ತವುಗಳಲ್ಲೂ ಒಂದೇ ಬಗೆಯ ಸಾವಿಲ್ಲ. ಕೆಲವಕ್ಕೆ ರಕ್ತ ಹೆಪ್ಪುಗಟ್ಟುವುದೇ ನಿಧಾನವಾಗಿ ಒಳಗೊಳಗೇ ರಕ್ತ ಸೋರಿತು, ಕೆಲವಕ್ಕೆ ಯಕೃತ್ತು ಊದಿಕೊಂಡಿತಷ್ಟೇ.

ಎಬೋಲಾ ಮನುಷ್ಯರಲ್ಲಿ ತೋರಿಸುವುದೂ ಇದೇ ವೈವಿಧ್ಯವನ್ನು. ಆದರೆ ಅದುವರೆಗೆ ಯಾವ ಇಲಿಯೂ ಅದನ್ನು ತೋರಿಸಿರಲಿಲ್ಲ. ಕಾರಣ ಸರಳ. ಪ್ರಯೋಗಾಲಯಗಳು ಬಳಸುತ್ತ ಬಂದದ್ದು ತಲೆಮಾರುಗಳಿಂದ ಒಳಸಂಬಂಧದಲ್ಲೇ ಬೆಳೆಸಿದ ಇಲಿಗಳನ್ನು. ಒಂದರ ಪಡಿಯಚ್ಚು ಇನ್ನೊಂದು. ಅಂಥ ಇಲಿ ಎಬೋಲಾದಿಂದ ಸಾಯುತ್ತಿತ್ತೇ ಹೊರತು ಮನುಷ್ಯರ ಹಾಗೆ ರಕ್ತಸ್ರಾವವಾಗಿ ಸಾಯುತ್ತಿರಲಿಲ್ಲ. ಹಾಗಾಗಿ ಮನುಷ್ಯರ ಕಾಯಿಲೆಯನ್ನು ಅರ್ಥಮಾಡಿಕೊಳ್ಳಲು ಅಂಥ ಇಲಿ ಸಾಲುತ್ತಿರಲಿಲ್ಲ. ಹ್ಯಾಮಿಲ್ಟನ್‌ನ ಹೈಂಜ್ ಫೆಲ್ಡ್‌ಮನ್, ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಏಂಜೆಲಾ ರಾಸ್ಮುಸೆನ್ ಮತ್ತು ಮೈಕೆಲ್ ಕಾಟ್ಜೆ ಬಳಸಿದ್ದು ಬೇರೆಯೇ ಇಲಿಗಳನ್ನು. ಐದು ಪ್ರಯೋಗಾಲಯದ ತಳಿ, ಮೂರು ಕಾಡುಮೂಲದ ತಳಿ, ಒಟ್ಟು ಎಂಟನ್ನು ಪರಸ್ಪರ ಕೂಡಿಸಿ ಪಡೆದ ‘ಕೊಲಾಬರೇಟಿವ್ ಕ್ರಾಸ್’ ಎಂಬ ಸಂಗ್ರಹ ಅದು. ಒಂದು ಊರಿನ ಜನ ಹೇಗೆ ಒಬ್ಬರಂತೆ ಒಬ್ಬರಿರುವುದಿಲ್ಲವೋ ಹಾಗೆ ಅಲ್ಲಿನ ಒಂದು ತಳಿಯಂತೆ ಇನ್ನೊಂದಿಲ್ಲ. ಇಲಿಗೆ ಒಗ್ಗಿಸಿದ ಎಬೋಲಾ ವೈರಸ್ ಆ ವೈವಿಧ್ಯದೊಳಗೆ ಇಳಿದಾಗ, ಸಾವು ಬದುಕನ್ನು ಬೇರೆ ಮಾಡಿದ್ದು ವೈರಸ್ಸಿನ ಸ್ವಭಾವವಲ್ಲ, ಇಲಿಯ ಸ್ವಭಾವ. ಉಳಿದ ಮತ್ತು ಸತ್ತ ಇಲಿಗಳ ಅಂಗಾಂಶದಲ್ಲಿ ಯಾವ ಜೀನ್‌ಗಳು ಎಚ್ಚೆತ್ತಿವೆ ಎಂದು ಅಳೆದು ನೋಡಿದಾಗ ಕಣ್ಣಿಗೆ ಬಿದ್ದವುಗಳಲ್ಲಿ ರಕ್ತನಾಳದ ಗೋಡೆಯನ್ನು ಬಿಗಿಯಾಗಿಡುವ ಟೆಕ್ ಎಂಬ ಜೀನ್ ಒಂದು.

ವೈರಾಣುಶಾಸ್ತ್ರ ತನ್ನ ಜೀವಮಾನದ ಬಹುಪಾಲನ್ನು ವೈರಸ್ಸನ್ನೇ ನೋಡುತ್ತ ಕಳೆದಿದೆ. ಅದು ತಪ್ಪೂ ಅಲ್ಲ. ಶತ್ರು ಯಾರೆಂದೇ ಗೊತ್ತಿಲ್ಲದ ಕಾಲದಲ್ಲಿ ಮೊದಲು ಶತ್ರುವಿನ ಮುಖ ನೋಡಬೇಕು. ಆದರೆ ಎಬೋಲಾ ವೈರಸ್ಸಿನ ಇಡೀ ಆನುವಂಶಿಕ ಬರಹ ಸುಮಾರು 19,000 ಅಕ್ಷರಗಳದು, ಜೀನ್‌ಗಳು ಏಳೇ ಏಳು. ಮನುಷ್ಯನಲ್ಲಿ ಪ್ರೋಟೀನು ತಯಾರಿಸುವ ಜೀನ್‌ಗಳೇ ಸುಮಾರು 20,000. ಏಳು ಜೀನ್‌ಗಳು ಇಪ್ಪತ್ತು ಸಾವಿರದ ನಡುವೆ ಇಳಿದಾಗ ನಡೆಯುವುದರಲ್ಲಿ ಬಹುಪಾಲು ಕಥೆ ಇಪ್ಪತ್ತು ಸಾವಿರದ ಕಡೆಯದು. ಆ ಕಡೆಯನ್ನು, ಅಂದರೆ ಆತಿಥೇಯ ಜೀವಿಯ ಪ್ರತಿಕ್ರಿಯೆಯನ್ನು, ಒಂದೊಂದು ಅಣುವಾಗಿ ಅಲ್ಲದೆ ಒಟ್ಟಿಗೆ ಓದುವ ಪ್ರಯತ್ನಕ್ಕೆ ಸಿಸ್ಟಮ್ಸ್ ಬಯಾಲಜಿ, ವ್ಯವಸ್ಥಾ ಜೀವವಿಜ್ಞಾನ ಎಂದು ಹೆಸರು. 2000ದಲ್ಲಿ ಸಿಯಾಟಲ್‌ನಲ್ಲಿ ಲೆರಾಯ್ ಹುಡ್ ಮತ್ತು ಸಂಗಡಿಗರು ಇದೇ ಹೆಸರಿನ ಸಂಸ್ಥೆ ಕಟ್ಟಿದರು. 2008ರಲ್ಲಿ ಅಮೆರಿಕದ ಅಲರ್ಜಿ ಮತ್ತು ಸೋಂಕುರೋಗಗಳ ರಾಷ್ಟ್ರೀಯ ಸಂಸ್ಥೆ ಸೋಂಕುರೋಗಗಳನ್ನು ಈ ದಾರಿಯಲ್ಲಿ ಅಧ್ಯಯನ ಮಾಡುವ ಕೇಂದ್ರಗಳಿಗೆಂದೇ ಒಂದು ಯೋಜನೆ ಆರಂಭಿಸಿತು.

ಈ ದೃಷ್ಟಿ ಯಾಕೆ ಬೇಕಾಯಿತು ಎಂಬುದಕ್ಕೆ 1918ರ ಇನ್‌ಫ್ಲುಯೆಂಜಾಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರನ್ನು ಕೊಂದಿತೆಂದು ಅಂದಾಜಿರುವ ಆ ಜ್ವರ ಭಾರತದಲ್ಲೇ ಕೋಟಿಗೂ ಮೀರಿ ಜನರನ್ನು ಒಯ್ದಿತು. ಸಾಮಾನ್ಯ ಫ್ಲೂ ಹಸುಗೂಸುಗಳನ್ನೂ ಮುದುಕರನ್ನೂ ಹಿಡಿಯುತ್ತದೆ. ಆ ಫ್ಲೂ ಇಪ್ಪತ್ತರಿಂದ ನಲವತ್ತರ ಪ್ರಾಯದ ಗಟ್ಟಿಮುಟ್ಟಾದವರನ್ನೂ ಲೆಕ್ಕವಿಲ್ಲದಷ್ಟು ಕೊಂದಿತು. ಅಲಾಸ್ಕಾದ ಬ್ರೆವಿಗ್ ಮಿಷನ್ ಎಂಬ ಕಡಲತೀರದ ಹಳ್ಳಿಯಲ್ಲಿ 1918ರ ನವೆಂಬರಿನ ಐದೇ ದಿನಗಳಲ್ಲಿ 80 ವಯಸ್ಕರ ಪೈಕಿ 72 ಜನ ಸತ್ತರು. ಅವರನ್ನು ಹೂಳಿದ್ದು ವರ್ಷವಿಡೀ ಹೆಪ್ಪುಗಟ್ಟಿರುವ ಮಣ್ಣಿನಲ್ಲಿ. 1951ರಲ್ಲಿ ಯೋಹಾನ್ ಹಲ್ಟಿನ್ ಎಂಬ ತರುಣ ಸಂಶೋಧಕ ಊರಿನ ಹಿರಿಯರ ಒಪ್ಪಿಗೆ ಪಡೆದು ಆ ಸಮಾಧಿ ತೆರೆದ. ತಂದ ಅಂಗಾಂಶದಿಂದ ವೈರಸ್ ಬೆಳೆಯಲಿಲ್ಲ. 46 ವರ್ಷ ಬಿಟ್ಟು, 72ರ ವಯಸ್ಸಿನಲ್ಲಿ ಅವನು ಮತ್ತೆ ಅದೇ ಹಳ್ಳಿಗೆ ಹೋದ. ಈ ಸಲ ಸ್ಥೂಲಕಾಯದ ಹೆಂಗಸೊಬ್ಬಳ ಶರೀರದಲ್ಲಿ ಕೊಬ್ಬಿನ ಪದರದ ಕೆಳಗೆ ಶ್ವಾಸಕೋಶ ಕೆಡದೆ ಉಳಿದಿತ್ತು. ಅದರಿಂದಲೂ ಅದೇ ಜ್ವರದಲ್ಲಿ ಸತ್ತ ಸೈನಿಕರ ಅಂಗಾಂಶದ ತುಣುಕುಗಳಿಂದಲೂ ಜೆಫ್ರಿ ಟಾಬೆನ್‌ಬರ್ಗರ್ ತಂಡ ವೈರಸ್ಸಿನ ಪೂರ್ತಿ ಬರಹವನ್ನು 2005ರ ಹೊತ್ತಿಗೆ ಓದಿ ಮುಗಿಸಿತು. ಅದೇ ವರ್ಷ ಅಟ್ಲಾಂಟಾದ ರೋಗ ನಿಯಂತ್ರಣ ಕೇಂದ್ರದಲ್ಲಿ ಟೆರೆನ್ಸ್ ಟಂಪಿ ಆ ವೈರಸ್ಸನ್ನು ಮತ್ತೆ ಜೀವಂತಗೊಳಿಸಿದರು.

ಬರಹ ಸಿಕ್ಕಿತು, ವೈರಸ್ ಸಿಕ್ಕಿತು. ತರುಣರು ಯಾಕೆ ಸತ್ತರು ಎಂಬ ಪ್ರಶ್ನೆಗೆ ಉತ್ತರ ಮಾತ್ರ ಆ ಬರಹದೊಳಗೆ ಇರಲಿಲ್ಲ. ಉತ್ತರದ ಸುಳಿವು ಸಿಕ್ಕಿದ್ದು ಕೆನಡಾದ ವಿನ್ನಿಪೆಗ್‌ನಲ್ಲಿ, ಅತಿ ಬಿಗಿ ಭದ್ರತೆಯ ನಾಲ್ಕನೇ ಹಂತದ ಪ್ರಯೋಗಾಲಯದಲ್ಲಿ. ಡಾರ್ವಿನ್ ಕೊಬಾಸಾ ತಂಡ ಏಳು ಮಂಗಗಳಿಗೆ 1918ರ ವೈರಸ್ಸನ್ನೂ ಇನ್ನು ಮೂರಕ್ಕೆ ಇಂದಿನ ಸಾಮಾನ್ಯ ಫ್ಲೂ ವೈರಸ್ಸನ್ನೂ ಕೊಟ್ಟಿತು. 21 ದಿನ ನೋಡಬೇಕೆಂದು ಯೋಜಿಸಿದ್ದರು. ಎಂಟನೇ ದಿನಕ್ಕೇ 1918ರ ವೈರಸ್ ತಗುಲಿದವುಗಳಲ್ಲಿ ಉಳಿದ ಮಂಗಗಳಿಗೆ ದಯಾಮರಣ ಕೊಡಬೇಕಾಯಿತು. ಉಸಿರಾಟ ಅಷ್ಟು ಕೆಟ್ಟಿತ್ತು. 2007ರಲ್ಲಿ ‘ನೇಚರ್’ನಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಕಾಟ್ಜೆಯವರ ಸಿಯಾಟಲ್ ತಂಡ ಮಂಗಗಳ ಅಂಗಾಂಶದಲ್ಲಿ ಸಾವಿರಾರು ಜೀನ್‌ಗಳ ಏರಿಳಿತವನ್ನು ಅಳೆಯಿತು. ಸಾಮಾನ್ಯ ಫ್ಲೂ ಬಂದ ಮಂಗಗಳಲ್ಲಿ ರಕ್ಷಣೆಯ ಜೀನ್‌ಗಳು ಬೇಗ ಎದ್ದು, ಕೆಲಸ ಮುಗಿಸಿ, ತಣ್ಣಗಾಗಿದ್ದವು. 1918ರ ವೈರಸ್ ತಗುಲಿದವುಗಳಲ್ಲಿ ವೈರಸ್ಸನ್ನು ಮೊದಲು ಗುರುತಿಸಬೇಕಾದ ಜೀನ್‌ಗಳು ಮಂಕಾಗಿದ್ದವು. ಉರಿಯೂತ ಹೆಚ್ಚಿಸುವವು ಮಾತ್ರ ಮೇಲೆದ್ದು ಇಳಿಯಲೇ ಇಲ್ಲ. ವೈರಸ್ ಶ್ವಾಸಕೋಶವನ್ನು ಕೆಡಿಸಿದ್ದು ನಿಜ. ಆದರೆ ಅದನ್ನು ಮುಳುಗಿಸಿದ್ದರಲ್ಲಿ ಶರೀರದ ಸ್ವಂತ ಪಾಲು ದೊಡ್ಡದಿತ್ತು.

ಇಲ್ಲಿ ಇಂಟರ್‌ಫೆರಾನ್ ಬಗ್ಗೆ ಸ್ವಲ್ಪ ಹೇಳಬೇಕು. 1957ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಕಂಡುಹಿಡಿದ ಪ್ರೋಟೀನು ಇದು. ವೈರಸ್ ಹೊಕ್ಕ ಜೀವಕೋಶ ಇದನ್ನು ಹೊರಬಿಡುತ್ತದೆ. ಸುತ್ತಲಿನ ಜೀವಕೋಶಗಳು ಅದನ್ನು ಗ್ರಹಿಸಿ ನೂರಾರು ರಕ್ಷಣಾ ಜೀನ್‌ಗಳನ್ನು ಎಚ್ಚರಿಸಿಕೊಳ್ಳುತ್ತವೆ. ಅಪಾಯಕಾರಿ ವೈರಸ್‌ಗಳೆಲ್ಲ ಈ ಸುದ್ದಿ ಹರಡದಂತೆ ತಡೆಯುವ ಉಪಾಯ ಕಲಿತಿವೆ. ಎಬೋಲಾದ ಏಳು ಜೀನ್‌ಗಳಲ್ಲಿ ಎರಡರ ಪ್ರೋಟೀನುಗಳು ಇದೇ ಕೆಲಸಕ್ಕೆ ನಿಂತಿವೆ: ಒಂದು ವೈರಸ್ಸಿನ ಆರ್‌ಎನ್‌ಎಯನ್ನು ಕಣ್ಣಿಗೆ ಬೀಳದಂತೆ ಮುಚ್ಚುತ್ತದೆ, ಇನ್ನೊಂದು ಇಂಟರ್‌ಫೆರಾನ್ ತಂದ ಸಂದೇಶ ಜೀವಕೋಶದ ಕೇಂದ್ರ ತಲುಪದಂತೆ ಬಾಗಿಲು ಹಾಕುತ್ತದೆ.

ಹಾಗಾದರೆ ಇಂಟರ್‌ಫೆರಾನ್ ಹೆಚ್ಚಾದಷ್ಟೂ ಒಳ್ಳೆಯದೇ? ಬಹಳ ಕಾಲ ಹಾಗೇ ನಂಬಿದ್ದರು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಿಂದ 2016ರಲ್ಲಿ ಬಂದ ಒಂದು ಅಧ್ಯಯನ ಆ ನಂಬಿಕೆಯನ್ನು ಅಲುಗಿಸಿತು. ಅದರ ಮೊದಲ ಲೇಖಕ ರುದ್ರಗೌಡ ಚನ್ನಪ್ಪನವರ. ಹೆಸರು ಕೇಳಿದರೇ ಉತ್ತರ ಕರ್ನಾಟಕದವರ ಕಿವಿ ನಿಮಿರುತ್ತದೆ. ಸ್ಟ್ಯಾನ್ಲಿ ಪರ್ಲ್‌ಮನ್ ಅವರ ಪ್ರಯೋಗಾಲಯದಲ್ಲಿ ಸಾರ್ಸ್ ವೈರಸ್ ಕೊಟ್ಟ ಇಲಿಗಳನ್ನು ಅವರು ಗಂಟೆ, ದಿನಗಳ ಲೆಕ್ಕದಲ್ಲಿ ಹಿಂಬಾಲಿಸಿದರು. ವೈರಸ್ ವೇಗವಾಗಿ ಬೆಳೆಯುತ್ತದೆ, ಇಂಟರ್‌ಫೆರಾನ್ ತಡವಾಗಿ ಬರುತ್ತದೆ. ತಡವಾಗಿ ಬಂದದ್ದು ವೈರಸ್ಸನ್ನು ತಡೆಯಲಾರದು; ಬದಲಿಗೆ ಉರಿಯೂತದ ಬಿಳಿ ರಕ್ತಕಣಗಳನ್ನು ಗುಂಪುಗುಂಪಾಗಿ ಶ್ವಾಸಕೋಶಕ್ಕೆ ಕರೆತರುತ್ತದೆ. ಇಂಟರ್‌ಫೆರಾನ್ ಗ್ರಹಿಸುವ ಶಕ್ತಿಯನ್ನೇ ತೆಗೆದುಹಾಕಿದ ಇಲಿಗಳು ಬದುಕಿಕೊಂಡವು. ಅದೇ ಇಂಟರ್‌ಫೆರಾನನ್ನು ಸೋಂಕಿನ ಆರಂಭದಲ್ಲೇ ಹೊರಗಿನಿಂದ ಕೊಟ್ಟರೆ ಸಾಮಾನ್ಯ ಇಲಿಗಳೂ ಬದುಕಿದವು. ಮಳೆ ಏರುವ ಮೊದಲೇ ತೂಬು ಎತ್ತಿದರೆ ಕೆರೆ ಉಳಿಯುತ್ತದೆ, ಏರಿ ಬಿರಿದ ಮೇಲೆ ಎತ್ತಿದರೆ ತೂಬಿನ ನೀರೂ ಸೇರಿ ಕೆಳಗಿನ ಗದ್ದೆಗಳನ್ನು ಕೊಚ್ಚುತ್ತದಲ್ಲ, ಹಾಗೆ.

ನಾಲ್ಕು ವರ್ಷದಲ್ಲಿ ಇದು ಇಲಿಗಳ ವಿಷಯವಾಗಿ ಉಳಿಯಲಿಲ್ಲ. 2020ರ ಅಕ್ಟೋಬರಿನಲ್ಲಿ ಪಾಲ್ ಬಾಸ್ಟಾರ್ಡ್, ಜಾನ್ ಲೋರಾನ್ ಕ್ಯಾಸನೋವಾ ಮತ್ತು ಸಂಗಡಿಗರು ತೀವ್ರ ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದ 987 ಜನರ ರಕ್ತ ಪರೀಕ್ಷಿಸಿ, ಅವರಲ್ಲಿ 101 ಜನರ ಶರೀರ ತನ್ನದೇ ಇಂಟರ್‌ಫೆರಾನ್ ವಿರುದ್ಧ ಪ್ರತಿಕಾಯ ಮಾಡಿಕೊಂಡಿದ್ದನ್ನು ತೋರಿಸಿದರು. ಆ 101ರಲ್ಲಿ 95 ಜನ ಗಂಡಸರು. ಮೇಲ್ನೋಟಕ್ಕೆ ಆರೋಗ್ಯವಾಗಿದ್ದವರು ಯಾಕೆ ಹಾಗೆ ಹಠಾತ್ತನೆ ಕುಸಿದರು ಎಂದು ಮನೆಯವರು ಕೇಳಿದ್ದ ಪ್ರಶ್ನೆಗೆ, ಕೆಲವರ ಮಟ್ಟಿಗಾದರೂ, ಅದು ಉತ್ತರ. ಅದಕ್ಕೂ ಮೊದಲು ಜೂನ್ ತಿಂಗಳಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗದ ಫಲಿತಾಂಶ ಬಂದಿತ್ತು. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೆರಾಯ್ಡ್ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಮೂರನೇ ಒಂದರಷ್ಟು, ಆಮ್ಲಜನಕ ಪಡೆಯುತ್ತಿದ್ದವರ ಸಾವನ್ನು ಐದನೇ ಒಂದರಷ್ಟು ತಗ್ಗಿಸಿತು. ಆಮ್ಲಜನಕವೇ ಬೇಡದವರಿಗೆ ಅದರಿಂದ ಲಾಭವಾಗಲಿಲ್ಲ. ಮೊದಲ ದಿನಗಳಲ್ಲಿ ಶರೀರಕ್ಕೆ ತನ್ನ ರಕ್ಷಣೆ ಬೇಕು, ಆಮೇಲಿನ ದಿನಗಳಲ್ಲಿ ಆ ರಕ್ಷಣೆಗೇ ಕಡಿವಾಣ ಬೇಕು: ಇಲಿ ಮತ್ತು ಮಂಗಗಳ ಅಂಗಾಂಶದಿಂದ ಓದಿದ್ದ ಪಾಠವನ್ನೇ ಆಸ್ಪತ್ರೆಗಳು ಹೇಳಿದವು. 2021ರ ಎರಡನೇ ಅಲೆಯಲ್ಲಿ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಜ್ವರ ಬಂದ ದಿನವೇ ಸ್ಟೆರಾಯ್ಡ್ ಮಾತ್ರೆ ನುಂಗಿಸಿದರು. ಅದರ ಹಿಂದೆಯೇ ಬಂದ ಕಪ್ಪು ಶಿಲೀಂಧ್ರದ ಕಾಟಕ್ಕೆ ಸಕ್ಕರೆ ಕಾಯಿಲೆಯ ಜೊತೆಗೆ ಈ ಅತಿಬಳಕೆಯೂ ಕಾರಣವೆಂದು ತಜ್ಞರು ಬೊಟ್ಟು ಮಾಡಿದರು. ಯಾವ ಔಷಧ ಎಂಬುದರಷ್ಟೇ ಯಾವ ದಿನ ಎಂಬುದೂ ಮುಖ್ಯ ಎಂಬ ತಿಳಿವಳಿಕೆ ಪ್ರಯೋಗಾಲಯದಿಂದ ಔಷಧದಂಗಡಿಯವರೆಗೆ ಹೋಗದಿದ್ದರೆ ಎಷ್ಟು ಕಣ್ಣು, ಎಷ್ಟು ಜೀವ ಹೋಗುತ್ತದೆ ಎಂಬುದನ್ನು ನಾವು ಕಂಡಿದ್ದೇವೆ.

ಈ ಓದು ನಡೆಯುವುದು ಹೇಗೆ? ಜೀವಕೋಶ ಯಾವ ಪ್ರೋಟೀನು ಮಾಡಬೇಕೋ ಅದರ ಜೀನಿನಿಂದ ಮೊದಲು ಆರ್‌ಎನ್‌ಎ ನಕಲುಗಳನ್ನು ತೆಗೆದುಕೊಳ್ಳುತ್ತದೆ. ಒಂದು ಹನಿ ರಕ್ತದಲ್ಲಿರುವ ಅಂಥ ನಕಲುಗಳನ್ನೆಲ್ಲ ಎಣಿಸಿದರೆ, ಆ ಗಳಿಗೆಯಲ್ಲಿ ಇಪ್ಪತ್ತು ಸಾವಿರ ಜೀನ್‌ಗಳಲ್ಲಿ ಯಾವುದು ಎದ್ದಿದೆ, ಯಾವುದು ಮಲಗಿದೆ ಎಂಬ ಚಿತ್ರ ಸಿಗುತ್ತದೆ. ಪ್ರೋಟೀನುಗಳನ್ನೂ ಕೊಬ್ಬಿನ ಅಣುಗಳನ್ನೂ ಮಾಸ್ ಸ್ಪೆಕ್ಟ್ರೋಮೀಟರ್ ತೂಗಿ ಗುರುತಿಸುತ್ತದೆ. ಸೋಂಕಿನ ಒಂದನೇ ದಿನ, ಎರಡನೇ ದಿನ, ನಾಲ್ಕನೇ ದಿನ, ಏಳನೇ ದಿನ ಹೀಗೆ ಅಳೆಯುತ್ತ ಹೋದರೆ ಜೊತೆಜೊತೆಗೆ ಏರಿ ಜೊತೆಜೊತೆಗೆ ಇಳಿಯುವ ಗುಂಪುಗಳು ಕಾಣುತ್ತವೆ. ಯಾವ ಗುಂಪಿನ ನಡುವೆ ಯಾವ ಜೀನ್ ಕೊಂಡಿಯಾಗಿದೆ ಎಂದು ಗಣಿತಜ್ಞರು ಜಾಲ ಕಟ್ಟುತ್ತಾರೆ. ಈ ಪ್ರೋಟೀನು ಎಣಿಕೆಯಲ್ಲಿ ಬೆಂಗಳೂರಿಗೂ ಒಂದು ಪಾಲಿದೆ: ಅಖಿಲೇಶ್ ಪಾಂಡೆ ಸ್ಥಾಪಿಸಿದ ಇಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಮತ್ತು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಸೇರಿ 2014ರಲ್ಲಿ ಮಾನವ ಪ್ರೋಟೀನುಗಳ ನಕ್ಷೆಯೊಂದನ್ನು ಪ್ರಕಟಿಸಿದವು. 17,294 ಜೀನ್‌ಗಳ ಪ್ರೋಟೀನುಗಳು ಅದರಲ್ಲಿವೆ. ಪ್ರೋಟೀನು ತಯಾರಿಸುವ ಒಟ್ಟು ಜೀನ್‌ಗಳ ನೂರಕ್ಕೆ 84ರಷ್ಟು. ಕಾಯಿಲೆ ಬಿದ್ದ ಶರೀರದಲ್ಲಿ ಏನು ಬದಲಾಯಿತು ಎಂದು ಹೇಳಬೇಕಾದರೆ ಕಾಯಿಲೆ ಇಲ್ಲದಾಗ ಎಲ್ಲಿ ಏನಿತ್ತು ಎಂಬ ಇಂಥ ನಕ್ಷೆ ಬೇಕು.

ಜಾಲ ಕಟ್ಟುವುದು ಸುಲಭದ ಅರ್ಧ. ಅದು ಹೇಳಿದ್ದು ನಿಜವೇ ಎಂದು ನೋಡುವುದು ಕಷ್ಟದ ಅರ್ಧ. 2013ರಲ್ಲಿ ರಾಲ್ಫ್ ಬ್ಯಾರಿಕ್ ಅವರ ತಂಡ ಸಾರ್ಸ್ ತಗುಲಿದ ಇಲಿಗಳ ಮಾಹಿತಿಯಿಂದ, ಕೊಲ್ಲುವ ಸೋಂಕಿಗೂ ರಕ್ತ ಹೆಪ್ಪುಗಟ್ಟಿಸುವ ಮತ್ತು ಕರಗಿಸುವ ವ್ಯವಸ್ಥೆಗೂ ನಂಟಿದೆ ಎಂದು ಊಹಿಸಿತು. ಊಹೆಗೆ ನಿಲ್ಲದೆ, ಆ ವ್ಯವಸ್ಥೆಯ ಸರ್ಪೈನ್-1 ಎಂಬ ಜೀನ್ ಇಲ್ಲದ ಇಲಿಗಳಿಗೆ ವೈರಸ್ ಕೊಟ್ಟು ನೋಡಿತು. ಅವು ಇನ್ನೂ ಹೆಚ್ಚು ನರಳಿದವು. ಆ ಜೀನ್ ಹಾನಿ ಮಾಡುತ್ತಿರಲಿಲ್ಲ, ಕಾಪಾಡುತ್ತಿತ್ತು. ಸೋಂಕಿನಲ್ಲಿ ಏರಿದ್ದೆಲ್ಲ ಶತ್ರುವಲ್ಲ ಎಂಬುದು ಇಂಥ ಪರೀಕ್ಷೆಯಿಂದ ಮಾತ್ರ ಗೊತ್ತಾಗುತ್ತದೆ. ಏಳು ವರ್ಷದ ಬಳಿಕ ಕೋವಿಡ್ ರೋಗಿಗಳ ಶ್ವಾಸಕೋಶದಲ್ಲಿ ರಕ್ತ ಗರಣೆಗಟ್ಟಿದ್ದನ್ನು ವೈದ್ಯರು ಕಂಡಾಗ ಈ ಹಳೆಯ ಪ್ರಬಂಧಕ್ಕೆ ಹೊಸ ಅರ್ಥ ಬಂತು.

ಪರೀಕ್ಷೆಗೆ ಮೊದಲೇ ಓಡಿದರೆ ಏನಾಗುತ್ತದೆ ಎಂಬುದಕ್ಕೂ ಕೋವಿಡ್ ಕಾಲವೇ ಸಾಕ್ಷಿ. 2020ರ ಏಪ್ರಿಲ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ನೆವಾನ್ ಕ್ರೋಗನ್ ತಂಡ ಹೊಸ ಕೊರೊನಾ ವೈರಸ್ಸಿನ 26 ಪ್ರೋಟೀನುಗಳು ಮನುಷ್ಯನ ಯಾವ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತವೆ ಎಂದು ನೋಡಿ 332 ಕೊಂಡಿಗಳ ಪಟ್ಟಿ ಕೊಟ್ಟಿತು. ಅಷ್ಟು ಬೇಗ ಅಷ್ಟು ದೊಡ್ಡ ಕೆಲಸ ಹಿಂದೆ ನಡೆದಿರಲಿಲ್ಲ. ನನ್ನ ಮಟ್ಟಿಗೆ ಅದು ಮೆಚ್ಚಬೇಕಾದ ಸಾಹಸ. ಆ ಕೊಂಡಿಗಳನ್ನು ತಡೆಯಬಲ್ಲ ಹಳೆಯ ಔಷಧಗಳ ಹುಡುಕಾಟ ಎಲ್ಲೆಡೆ ಶುರುವಾಯಿತು, ಪ್ರಯೋಗಾಲಯದ ಬಟ್ಟಲಿನಲ್ಲಿ ಹತ್ತಾರು ಔಷಧಗಳು ವೈರಸ್ಸನ್ನು ತಡೆದವು. ಮರುವರ್ಷ ಅದೇ ಬಳಗದವರೂ ಸೇರಿ ನಡೆಸಿದ ಇನ್ನೊಂದು ಅಧ್ಯಯನ, ಅವುಗಳಲ್ಲಿ ಅನೇಕವು ಜೀವಕೋಶದೊಳಗೆ ಕೊಬ್ಬಿನ ಗಂಟುಗಳನ್ನು ಕೂಡಿಹಾಕುವ ಅಡ್ಡಪರಿಣಾಮದಿಂದ ಹಾಗೆ ಕಾಣಿಸಿದ್ದವು, ಕೊಂಡಿ ತುಂಡರಿಸಿದ್ದರಿಂದಲ್ಲ ಎಂದು ತೋರಿಸಿತು. ದೊಡ್ಡ ಮಾಹಿತಿ ದೊಡ್ಡ ತಪ್ಪುದಾರಿಯನ್ನೂ ತೆರೆಯಬಲ್ಲದು. ಅದನ್ನು ತಾವೇ ಹುಡುಕಿ ಬಯಲಿಗಿಟ್ಟದ್ದು ಈ ವಿದ್ಯೆಯ ಪ್ರಾಮಾಣಿಕತೆ.

ಮಿತಿಗಳು ಇನ್ನೂ ಇವೆ. ರೋಗಿಯಿಂದ ಸುಲಭವಾಗಿ ಸಿಗುವುದು ರಕ್ತ. ಹೋರಾಟ ನಡೆಯುವುದು ಶ್ವಾಸಕೋಶದಲ್ಲೋ ಯಕೃತ್ತಿನಲ್ಲೋ ದುಗ್ಧಗ್ರಂಥಿಯಲ್ಲೋ. ಆಸ್ಪತ್ರೆಗೆ ಬರುವ ಹೊತ್ತಿಗೆ ಸೋಂಕಿನ ಮೊದಲ ದಿನಗಳು ಕಳೆದಿರುತ್ತವೆ. ಅಪಾಯಕಾರಿ ವೈರಸ್ಸಾದರೆ ಮಾದರಿಯನ್ನು ಮುಟ್ಟುವುದೇ ದುಸ್ತರ.

ಹಾಗಿದ್ದೂ ಸಿಯೆರಾ ಲಿಯೋನ್‌ನ ಫ್ರೀಟೌನ್‌ನಲ್ಲಿ ಅಂಥ ಮಾದರಿಗಳ ಅಧ್ಯಯನ ನಡೆಯಿತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಯೋಶಿಹಿರೊ ಕಾವಾವೊಕಾ ತಂಡ ಎಬೋಲಾ ಹಬ್ಬಿದ್ದಾಗಲೇ ಅಲ್ಲಿಗೆ ಹೋಗಿ, ಸ್ಥಳೀಯ ವೈದ್ಯರ ಜೊತೆ ಸೇರಿ, ಸೈನಿಕ ಆಸ್ಪತ್ರೆಯ ಆವರಣದಲ್ಲಿ ಕೆಲಸಕ್ಕೆ ಜಾಗ ಮಾಡಿಕೊಂಡಿತು. 20 ಎಬೋಲಾ ರೋಗಿಗಳ ರಕ್ತ ಸಿಕ್ಕಿತು. ಅವರಲ್ಲಿ 9 ಜನ ತೀರಿಕೊಂಡರು, 11 ಜನ ಉಳಿದರು. ಕೆಲವರಿಂದ ಬೇರೆ ಬೇರೆ ದಿನ ರಕ್ತ ತೆಗೆದಿದ್ದರು, ಹೋಲಿಕೆಗೆ ಆರೋಗ್ಯವಂತರ ರಕ್ತವೂ ಇತ್ತು. ವೈರಸ್ಸನ್ನು ಅಲ್ಲೇ ರಾಸಾಯನಿಕದಿಂದ ನಿಷ್ಕ್ರಿಯಗೊಳಿಸಿ ಅಮೆರಿಕಕ್ಕೆ ಒಯ್ದು ಆರ್‌ಎನ್‌ಎ, ಪ್ರೋಟೀನು, ಕೊಬ್ಬು, ಚಯಾಪಚಯದ ಅಣುಗಳು ಎಲ್ಲವನ್ನೂ ಅಳೆದರು. 2017ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಸತ್ತವರ ರಕ್ತದ ಚಹರೆ ರಕ್ತನಂಜು ಏರಿದವರ ಚಹರೆಯನ್ನು ಹೋಲುತ್ತಿತ್ತು. ಮೇದೋಜೀರಕ ಗ್ರಂಥಿಯಲ್ಲೇ ಇರಬೇಕಾದ ಜೀರ್ಣಕಾರಿ ಕಿಣ್ವಗಳು ಅವರ ರಕ್ತಕ್ಕೆ ಸೋರಿದ್ದವು. ಎರಡು ಅಣುಗಳು, ಥ್ರಿಯೋನಿನ್ ಎಂಬ ಅಮೈನೋ ಆಮ್ಲ ಮತ್ತು ವಿಟಮಿನ್ ಡಿ ಹೊತ್ತೊಯ್ಯುವ ಒಂದು ಪ್ರೋಟೀನು, ಸತ್ತವರಲ್ಲಿ ಆಸ್ಪತ್ರೆಗೆ ಬಂದಾಗಲೇ ಕಡಿಮೆ ಇದ್ದವು. 20 ಜನ ಅಂದರೆ ಚಿಕ್ಕ ಸಂಖ್ಯೆ. ಅದರ ಮೇಲೆ ಚಿಕಿತ್ಸೆಯ ನಿಯಮ ಕಟ್ಟಲಾಗದು. ಆದರೆ ಹಾಸಿಗೆ ಕಡಿಮೆ, ಔಷಧ ಕಡಿಮೆ, ರೋಗಿಗಳು ಹೆಚ್ಚು ಇರುವಲ್ಲಿ ಯಾರಿಗೆ ಮೊದಲು ಆರೈಕೆ ಬೇಕು ಎಂದು ಬಂದ ದಿನವೇ ಹೇಳಬಲ್ಲ ಒಂದು ರಕ್ತ ಪರೀಕ್ಷೆ ಸಾಧ್ಯ ಎಂಬ ದಾರಿ ಅಲ್ಲಿ ಕಂಡಿತು. ಸಾಯುವ ಸ್ಥಿತಿಯಲ್ಲಿದ್ದವರು ಕೊಟ್ಟ ರಕ್ತ ಅದು. ಆ ದಾರಿಯಲ್ಲಿ ಮುಂದೆ ಸಿಗುವ ಪರೀಕ್ಷೆ ಮೊದಲು ಸಿಯೆರಾ ಲಿಯೋನ್‌ನ ಆಸ್ಪತ್ರೆಗಳಿಗೆ ತಲುಪಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಈಗ ನಮ್ಮ ಮಲೆನಾಡಿಗೆ ಬರುತ್ತೇನೆ, ಯಾಕೆಂದರೆ ಈ ವಿದ್ಯೆಗೆ ಇಲ್ಲೇ ಒಂದು ಪ್ರಶ್ನೆ ಕಾದು ಕೂತಿದೆ. ಇಂಟರ್‌ಫೆರಾನ್ ಪತ್ತೆಯಾದ 1957ರಲ್ಲೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯುತ್ತಿವೆ, ಜನಕ್ಕೂ ಜ್ವರ ಬರುತ್ತಿದೆ ಎಂಬ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿತು. ಮಂಗ ಸಾಯುತ್ತಿವೆ ಎಂದ ಕೂಡಲೇ ಹಳದಿ ಜ್ವರ ಭಾರತಕ್ಕೆ ಬಂತೇ ಎಂದು ಗಾಬರಿಯಾದರು. ಟೆಲ್ಫೋರ್ಡ್ ವರ್ಕ್ ಮತ್ತು ಸಂಗಡಿಗರು ಬಂದು ನೋಡಿದರೆ ಅದು ಉಣುಗು ಹರಡುವ ಹೊಸ ವೈರಸ್. ಮಂಗನ ಕಾಯಿಲೆ ಎಂದು ನಾವು ಕರೆಯುವ ಆ ಜ್ವರ ಅಂದಿನಿಂದ ಬೇಸಿಗೆ ಬಂದಂತೆ ಬರುತ್ತಲೇ ಇದೆ. ತರಗು ಗುಡಿಸಲು, ಸೌದೆ ತರಲು, ದನ ಮೇಯಿಸಲು ಕಾಡಿಗೆ ಹೋಗುವವರನ್ನು ಅದು ಹಿಡಿಯುತ್ತದೆ. ಸಾಗರ ತಾಲ್ಲೂಕಿನ ಅರಳಗೋಡು ಸೀಮೆ 2019ರಲ್ಲಿ ಅನುಭವಿಸಿದ್ದು ಇನ್ನೂ ಹಸಿಯಾಗಿದೆ.

ಆ ಕಾಡಿನೊಳಗಿನ ಲೆಕ್ಕವನ್ನು ನೋಡಿ. ಒಂದೇ ಉಣುಗು, ಒಂದೇ ವೈರಸ್. ಮುಸುವ ಕಚ್ಚಿಸಿಕೊಂಡರೆ ಮರದಿಂದ ಬಿದ್ದು ಸಾಯುತ್ತದೆ, ಕೆಂಪು ಮಂಗವೂ ಸಾಯುತ್ತದೆ. ಕಾಡಿಲಿ, ಮೂಗಿಲಿಗಳ ರಕ್ತದಲ್ಲಿ ವೈರಸ್ ಓಡಾಡಿದರೂ ಅವು ಕಾಯಿಲೆ ಬಿದ್ದಂತೆ ಕಾಣುವುದಿಲ್ಲ. ಮೈತುಂಬ ಉಣುಗು ಹೊತ್ತ ದನ ಆರಾಮಾಗಿ ಮೇಯುತ್ತದೆ. ಮನುಷ್ಯರಲ್ಲಿ ಬಹುಪಾಲು ಜನ ವಾರಗಟ್ಟಲೆ ಹಾಸಿಗೆ ಹಿಡಿದು ಏಳುತ್ತಾರೆ. ನೂರಕ್ಕೆ ಮೂರರಿಂದ ಐದು ಜನ ಏಳುವುದಿಲ್ಲ. ಎಂಟು ತಳಿ ಕೂಡಿಸಿ ವರ್ಷಗಟ್ಟಲೆ ಕಷ್ಟಪಟ್ಟು ಪಡೆದ, ಹ್ಯಾಮಿಲ್ಟನ್‌ನ ವಿಜ್ಞಾನಿಗಳು ಬಳಸಿದ ವೈವಿಧ್ಯವನ್ನು ಪ್ರಕೃತಿ ಇಲ್ಲಿ ತಾನಾಗಿಯೇ ಒಂದೇ ಕಾಡಿನಲ್ಲಿ ಹರಡಿಟ್ಟಿದೆ.

ಅದೇ ಹ್ಯಾಮಿಲ್ಟನ್ ಪ್ರಯೋಗಾಲಯವೇ ಕ್ಯಾಸನೂರಿನ ವೈರಸ್ಸನ್ನೂ ಕೈಗೆತ್ತಿಕೊಂಡಿದೆ ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. ಉಣುಗು ಹರಡುವ ಇನ್ನೊಂದು ಜ್ವರವನ್ನು ಅರ್ಥಮಾಡಿಕೊಳ್ಳಲೆಂದೇ ನೂರು ವರ್ಷದ ಹಿಂದೆ ಹುಟ್ಟಿಕೊಂಡ ಸಂಸ್ಥೆ ಅದು. ಅಲ್ಲಿನ ಸೋನ್ಯಾ ಬೆಸ್ಟ್ ತಂಡ 2019ರಲ್ಲಿ, ರೀಸಸ್ ಮಂಗದ ಜೀವಕೋಶದಲ್ಲಿರುವ ಟ್ರಿಮ್-5 ಆಲ್ಫಾ ಎಂಬ ಪ್ರೋಟೀನು ಈ ವೈರಸ್ಸಿನ ಒಂದು ಮುಖ್ಯ ಕಿಣ್ವವನ್ನು ಹಿಡಿದು ನಾಶಮಾಡಿ ಅದರ ಬೆಳವಣಿಗೆಯನ್ನು ತಡೆಯುತ್ತದೆ ಎಂದು ತೋರಿಸಿತು. ಎಚ್‌ಐವಿಯನ್ನು ತಡೆಯುತ್ತದೆಂದು ಹೆಸರಾಗಿದ್ದ ಪ್ರೋಟೀನು ಅದು. ಬಳಿಕ ಹಂದಿಬಾಲದ ಮಂಗಗಳಿಗೆ ಈ ವೈರಸ್ ಕೊಟ್ಟು, ಮನುಷ್ಯರಲ್ಲಿ ಕಾಣುವಂಥ ತೀವ್ರ ಕಾಯಿಲೆ ಅವುಗಳಲ್ಲಿ ಬರುತ್ತದೆ ಎಂಬುದನ್ನೂ ಅಲ್ಲಿನವರು ದಾಖಲಿಸಿದರು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲೂ ನಾಲ್ಕನೇ ಹಂತದ ಪ್ರಯೋಗಾಲಯವಿದೆ. ನಮ್ಮ ಕೆಂಪು ಮಂಗಗಳಲ್ಲಿ ಈ ಕಾಯಿಲೆ ಹೇಗೆ ಸಾಗುತ್ತದೆ ಎಂಬ ಅಧ್ಯಯನ ಅಲ್ಲಿ ನಡೆದಿದೆ.

ಲಸಿಕೆಯ ವಿಷಯದಲ್ಲೂ ಈ ವಿದ್ಯೆ ನಮಗೆ ನೇರವಾಗಿ ಒದಗುವಂಥದ್ದು. ದಶಕಗಳ ಕಾಲ ಕೊಟ್ಟ ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು ಕೈಬಿಟ್ಟಿದ್ದಾರೆ, ಹೊಸದರ ಕೆಲಸ ನಡೆಯುತ್ತಿದೆ. ಮಂಗನ ಕಾಯಿಲೆಯ ವೈರಸ್ಸಿನ ಹತ್ತಿರದ ಬಳಗಕ್ಕೇ ಸೇರಿದ ಹಳದಿ ಜ್ವರಕ್ಕೆ ಒಂದೇ ಚುಚ್ಚಿಗೆ ದಶಕಗಳ ರಕ್ಷಣೆ ಕೊಡುವ ಲಸಿಕೆ ಇದೆ. 2009ರಲ್ಲಿ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿದ್ದ ಬಾಲಿ ಪುಲೇಂದ್ರನ್ ತಂಡ ಆ ಲಸಿಕೆ ಪಡೆದವರ ಮೊದಲ ವಾರದ ರಕ್ತದಲ್ಲಿ ಜೀನ್‌ಗಳನ್ನು ಓದಿ, ವಾರಗಳ ನಂತರ ಯಾರ ಶರೀರದಲ್ಲಿ ಎಷ್ಟು ಬಲವಾದ ರಕ್ಷಣೆ ಮೂಡುತ್ತದೆ ಎಂದು ಮುಂಚೆಯೇ ಹೇಳಬಹುದೆಂದು ತೋರಿಸಿತು. ಹೊಸ ಲಸಿಕೆ ತೀರ್ಥಹಳ್ಳಿ, ಸಾಗರ, ಶೃಂಗೇರಿಯ ತೋಳುಗಳಿಗೆ ಬಂದಾಗ ಇಂಥ ಅಳತೆಯೂ ಜೊತೆಗೆ ಬರಬೇಕು. ಮೂರು ಸಲ ಚುಚ್ಚಿಸಿಕೊಂಡೂ ಜ್ವರ ಬಿದ್ದವರನ್ನು ಕಂಡ ಜನ ಲಸಿಕೆಯಿಂದಲೇ ದೂರವಾದರೆ ಅವರನ್ನು ದೂರುವಂತಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಈ ಕಾಯಿಲೆಯ ಎರಡು ಹಂತ. ಮೊದಲು ಹಠಾತ್ ಜ್ವರ, ತಲೆ ಸಿಡಿತ, ಮೈಕೈ ನೋವು, ಕೆಲವರಿಗೆ ಒಸಡಿನಿಂದಲೋ ಮೂಗಿನಿಂದಲೋ ರಕ್ತ. ಹಾಗೆ ಒಂದೆರಡು ವಾರ ಕಳೆದು ಜ್ವರ ಇಳಿಯುತ್ತದೆ. ಬಹುಪಾಲು ಜನಕ್ಕೆ ಅಲ್ಲಿಗೆ ಮುಗಿಯಿತು. ಹತ್ತರಲ್ಲಿ ಒಬ್ಬಿಬ್ಬರಿಗೆ ವಾರವೋ ಎರಡು ವಾರವೋ ಬಿಟ್ಟು ಜ್ವರ ಮರಳುತ್ತದೆ; ಈ ಸಲ ಮಿದುಳಿಗೆ ತಗುಲಿ ನಡುಕ, ಮಂಪರು, ಕಣ್ಣು ಮಂಜಾಗುವುದು. ಯಾರಿಗೆ ಮರಳುತ್ತದೆ, ಯಾರಿಗಿಲ್ಲ? ಫ್ರೀಟೌನ್‌ನಲ್ಲಿ ಕೇಳಿದ್ದೂ ಇದೇ ಬಗೆಯ ಪ್ರಶ್ನೆ. ಅಲ್ಲಿ ರೋಗಿಗಳು ದಿನಗಳಲ್ಲಿ ಸಾಯುತ್ತಿದ್ದರು. ಇಲ್ಲಿ ಎರಡು ಜ್ವರಗಳ ನಡುವೆ ನೆಮ್ಮದಿಯ ದಿನಗಳು ಸಿಗುತ್ತವೆ, ರಕ್ತ ತೆಗೆಯಲು ಬಿಡುವು ಸಿಗುತ್ತದೆ. ರೋಗಪತ್ತೆಗೆ ತಾಲ್ಲೂಕು ಆಸ್ಪತ್ರೆಯಿಂದ ಹೇಗೂ ರಕ್ತದ ಮಾದರಿ ಶಿವಮೊಗ್ಗದ ವೈರಾಣು ಪ್ರಯೋಗಾಲಯಕ್ಕೆ ಹೋಗುತ್ತದೆ. ಅದರ ಜೊತೆಗೆ ರೋಗಿಯ ಒಪ್ಪಿಗೆ ಪಡೆದು ಆರ್‌ಎನ್‌ಎ ಕೆಡದಂತೆ ಕಾಯುವ ದ್ರಾವಣದಲ್ಲಿ ಇನ್ನೊಂದು ಟ್ಯೂಬು, ಜ್ವರ ಬಿಟ್ಟ ಮೇಲೆ ಮತ್ತೊಂದು, ಹೀಗೆ ತೆಗೆದಿಟ್ಟರೆ ಎರಡು ಮೂರು ಬೇಸಿಗೆಯಲ್ಲಿ ಓದಲು ತಕ್ಕಷ್ಟು ಸಂಗ್ರಹವಾಗುತ್ತದೆ. ಓದಬಲ್ಲ ಯಂತ್ರಗಳೂ ಜನರೂ ಬೆಂಗಳೂರಿನಲ್ಲಿದ್ದಾರೆ. ಮಳೆ ನಿಂತು ನೆಲ ಒಣಗುತ್ತಿದ್ದಂತೆ ಉಣುಗಿನ ಮರಿಗಳು ತರಗಿನ ಮೇಲೆ ಬರುತ್ತವೆ, ಡಿಸೆಂಬರಿಗೆ ಮೊದಲ ಜ್ವರಗಳು ಶುರುವಾಗುತ್ತವೆ. ಟ್ಯೂಬು, ತಂಪು ಪೆಟ್ಟಿಗೆ, ಒಪ್ಪಿಗೆಯ ಕಾಗದ, ಹಳ್ಳಿಗೆ ಹೋಗಿ ಎರಡನೇ ಸಲ ರಕ್ತ ತರುವ ಆಶಾ ಕಾರ್ಯಕರ್ತೆಗೆ ಸಲ್ಲಬೇಕಾದ ಗೌರವಧನ, ಇಷ್ಟೂ ನವೆಂಬರಿನೊಳಗೆ ಸಿದ್ಧವಾಗಬೇಕು.